ಹಲಗೆ ಒರೆಸಿದರೂ ನೋಟ್‌ಬುಕ್ಕಿನಲ್ಲಿ ಉಳಿದ ಹೆಸರು

ಒಂಬತ್ತನೆಯ ತರಗತಿಯ ನ್ಯಾಯಾಂಗ ಘಟಕಕ್ಕೆ ಪೂರಕವಾಗಿ ನಾನು ಆಯ್ದುಕೊಂಡ ಪ್ರಶ್ನೆ ಇದು: ಶಿಕ್ಷೆ ಮುಗಿಸಿದವರ ಅಪರಾಧ ದಾಖಲೆ ತಾನಾಗಿಯೇ ಅಳಿದರೆ, ಕೆಲಸ ಕೊಡುವವರ ಪೂರ್ವಾಪರ ಪರಿಶೀಲನೆಯಲ್ಲಿ ಏನು ಬದಲಾಗುತ್ತದೆ? ಉದಾಹರಣೆ ಅಮೆರಿಕದ ಮಿಷಿಗನ್ ರಾಜ್ಯದ್ದು. ಅಲ್ಲಿನ ಕಾನೂನನ್ನು ಕರೆಯುವುದೇ 'ಕ್ಲೀನ್ ಸ್ಲೇಟ್' ಎಂದು. ಸ್ಲೇಟು ಒರೆಸಿ ಬೆಳೆದ ಮಕ್ಕಳಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಪೀಠಿಕೆಯಾಗಿ ಒಂದು ಚಟುವಟಿಕೆ ಮಾಡಿಸಿದೆ. ಕಪ್ಪುಹಲಗೆಯ ಮೇಲೆ ಐದು ಕಾಲ್ಪನಿಕ ಹೆಸರುಗಳನ್ನೂ ಅವುಗಳ ಮುಂದೆ ಒಂದೊಂದು ಹಳೆಯ ತಪ್ಪನ್ನೂ ಬರೆದೆ. (ಇಂಥ ಪಟ್ಟಿಗೆ ತರಗತಿಯ ಮಕ್ಕಳ ಹೆಸರು ಬಳಸಲೇಬಾರದು, ಪಾಠ ಮುಗಿದರೂ ಅಡ್ಡಹೆಸರು ಉಳಿಯುತ್ತದೆ.) ಮೂವರು 'ಪರಿಶೀಲನಾ ಕಂಪನಿ'ಗಳಾಗಿ ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಆಮೇಲೆ ಎರಡು ಹೆಸರು ಒರೆಸಿದೆ. 'ಅಂಗಡಿ ಮಾಲೀಕ'ನಾದ ಹುಡುಗ ಕಂಪನಿಗಳನ್ನು ವಿಚಾರಿಸಿದ. ಇಬ್ಬರು ಐದೂ ಹೆಸರು ಓದಿದರು. ಮೂರನೆಯವಳು ಮಾತ್ರ ತಲೆಯೆತ್ತಿ ಹಲಗೆ ನೋಡಿ, ಎರಡನ್ನು ಹೊಡೆದುಹಾಕಿ, ಮೂರನ್ನು ಓದಿದಳು. ವಿವರಣೆಯ ಅರ್ಧ ಭಾಗ ಅಲ್ಲೇ ಮುಗಿಯಿತು.

ಮಿಷಿಗನ್‌ನಲ್ಲಿ ಮೊದಲು ದಾಖಲೆ ಅಳಿಸಿಕೊಳ್ಳಲು ಅರ್ಜಿ, ಬೆರಳಚ್ಚು, ಶುಲ್ಕ, ಕೋರ್ಟಿನ ಅಲೆದಾಟ ಎಲ್ಲವೂ ಬೇಕಿತ್ತು. ಪ್ರೆಸ್ಕಾಟ್ ಮತ್ತು ಸ್ಟಾರ್ ಎಂಬ ಕಾನೂನು ವಿದ್ವಾಂಸರ ಅಧ್ಯಯನದಂತೆ, ಅರ್ಹರಾದವರಲ್ಲಿ ಐದು ವರ್ಷದೊಳಗೆ ಅದನ್ನು ಪಡೆದವರು ಶೇ. 6.5 ಮಾತ್ರ. ಪಡೆದವರ ಸಂಬಳವೋ ಒಂದೇ ವರ್ಷದಲ್ಲಿ ಸರಾಸರಿ ಶೇ. 20ಕ್ಕೂ ಹೆಚ್ಚು ಏರಿತ್ತು. 2020ರಲ್ಲಿ ಕಾನೂನು ಬದಲಾಯಿತು. 2023ರ ಏಪ್ರಿಲ್‌ನಿಂದ ಕಂಪ್ಯೂಟರೇ ಹುಡುಕಿ ಅಳಿಸುತ್ತಿದೆ: ಸಣ್ಣ ಅಪರಾಧವಾದರೆ 7 ವರ್ಷದ ನಂತರ, ದೊಡ್ಡದಾದರೆ 10 ವರ್ಷದ ನಂತರ. ಘೋರ ಅಪರಾಧಗಳಿಗೆ ಇದು ಅನ್ವಯಿಸದು. ಪೊಲೀಸರ ಬಳಿ ಸಾರ್ವಜನಿಕರಿಗೆ ಸಿಗದ ಒಂದು ಪ್ರತಿಯೂ ಇರುತ್ತದೆ.

ತೊಡಕಿರುವುದು ನೋಟ್‌ಬುಕ್ಕಿನಲ್ಲಿ. ಅಲ್ಲಿನ ಮಾಲೀಕರು ಸಾಮಾನ್ಯವಾಗಿ ತಾವೇ ಕೋರ್ಟಿಗೆ ಹೋಗುವುದಿಲ್ಲ, ಕಂಪನಿಗೆ ದುಡ್ಡು ಕೊಟ್ಟು ವರದಿ ತರಿಸುತ್ತಾರೆ. ದಾಖಲೆಗಳನ್ನು ಒಟ್ಟಾಗಿ ಖರೀದಿಸಿಟ್ಟ ಕಂಪನಿ ಹಲಗೆಯನ್ನು ಮತ್ತೆ ನೋಡದಿದ್ದರೆ ಅಳಿದ ಹೆಸರು ವರದಿಯಲ್ಲಿ ಹಾಗೇ ಬರುತ್ತದೆ. 1970ರ ಕೇಂದ್ರ ಕಾನೂನು ವರದಿ ಸಾಧ್ಯವಾದಷ್ಟು ನಿಖರವಾಗಿರಲು ಕ್ರಮ ಕೈಗೊಳ್ಳಬೇಕೆನ್ನುತ್ತದೆ. ವರದಿಯ ಆಧಾರದ ಮೇಲೆ ಕೆಲಸ ನಿರಾಕರಿಸುವ ಮೊದಲು ಅದರ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕೆನ್ನುತ್ತದೆ. ಆತ ತಕರಾರು ಹೂಡಿದರೆ ಕಂಪನಿ ಸಾಮಾನ್ಯವಾಗಿ 30 ದಿನದೊಳಗೆ ಮರುಪರಿಶೀಲಿಸಬೇಕು. ಅಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಗಿದ್ದರೂ ಆಗಿರಬಹುದು. ಯಂತ್ರ ತಾನಾಗಿ ಅಳಿಸಿದ್ದರಿಂದ ತನ್ನ ದಾಖಲೆ ಅಳಿದಿದೆಯೆಂದೇ ತಿಳಿಯದವರೂ ಇರುತ್ತಾರೆ. ಅವರು ತಕರಾರು ಹೂಡುವುದಾದರೂ ಹೇಗೆ?

"ನಮ್ಮಪ್ಪನ ಅಂಗಡಿ ಗಲ್ಲಾದಲ್ಲಿ ಕೂರುವವನ ವಿಷಯ ಅಪ್ಪನಿಗೆ ಗೊತ್ತಿರಬೇಡವಾ ಮೇಡಂ?" ಎಂದು ಒಬ್ಬಳು ಕೇಳಿದಳು. ಈ ಪ್ರಶ್ನೆಗೆ ಹತ್ತು ನಿಮಿಷ ಬಿಟ್ಟುಕೊಟ್ಟೆ. ತರಗತಿ ಎರಡು ಪಾಳಯವಾಯಿತು. ಹತ್ತು ವರ್ಷ ಏನೂ ಮಾಡದವನನ್ನು ಇನ್ನೆಷ್ಟು ವರ್ಷ ನೋಡಬೇಕು ಎಂಬುದು ಎದುರು ಪಾಳಯದ ವಾದ. ನಾನು ತೀರ್ಪು ಕೊಡಲಿಲ್ಲ. ಆ ವಯಸ್ಸಿಗೆ ಅದು ಬೇಕಿಲ್ಲವೆಂದೇ ನನ್ನ ಎಣಿಕೆ.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಮೇಜಿನ ಬಳಿ ಬಂದು, "ನಮ್ಮ ಕಡೆ ಹದಿನೈದು ವರ್ಷದವನ ಮೇಲೆ ಕೇಸಾದರೆ ಮುಂದೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ಬರುತ್ತಾ?" ಎಂದ. ಯಾರ ಕೇಸೆಂದು ನಾನು ಕೇಳಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನಂತೆ, ಪ್ರಕರಣ ಮುಗಿದಿದ್ದರೆ ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಮಗುವಿನ ದಾಖಲೆಯನ್ನು ಹೊರಗೆಡಹುವಂತಿಲ್ಲ. 24ನೆಯ ಕಲಮಿನಂತೆ ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶಪಡಿಸಬೇಕು. ಹದಿನಾರು ದಾಟಿ ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಗೊಳಗಾದವರಿಗೆ ವಿನಾಯಿತಿಯಿಲ್ಲ. ಎರಡೂ ಕಲಮಿನ ಸಂಖ್ಯೆಯನ್ನು ಅವನು ಅಂಗೈ ಮೇಲೆ ಬರೆದುಕೊಂಡ. ಮರುದಿನದ ಅವಧಿಯನ್ನು ನಾನು ಆ ಕಾಯ್ದೆಗೇ ಇಟ್ಟೆ.