ಓಟಕ್ಕೆ ಅರ್ಧ ಶಕ್ತಿ, ಧೂಮತ್ಯಾಗಕ್ಕೆ ಪೂರ್ಣ ಮನಸ್ಸು

ಕಳೆದ ಕಾರ್ತಿಕ ಮಾಸದಲ್ಲಿ ಮತ್ತೋಡು ಸೀಮೆಯ ರೈತರೊಬ್ಬರು ನಮ್ಮಲ್ಲಿಗೆ ಬಂದರು. ವಯಸ್ಸು 46, ತೂಕ 94 ಕಿಲೋ, ದಿನಕ್ಕೆ ಒಂದು ಕಟ್ಟು ಬೀಡಿ. ಮಗಳ ಲಗ್ನದೊಳಗೆ ಮೈ ಇಳಿಸಬೇಕೆಂಬ ಹಠದಿಂದ ಅಂದು ಬೆಳಗ್ಗೆ ತೋಟದ ದಾರಿಯಲ್ಲಿ ಏಕಾಏಕಿ ಓಡಿದ್ದರು. ಒಂದು ಫರ್ಲಾಂಗು ಮುಗಿಯುವ ಮೊದಲೇ ಉಸಿರು ಕಟ್ಟಿ, ಎದೆ ಬಿಗಿದು, ತೆಂಗಿನ ಮರದ ಬುಡದಲ್ಲಿ ಕುಳಿತುಬಿಟ್ಟರಂತೆ. "ಗ್ಯಾಸ್ ಇರಬೇಕು ಡಾಕ್ಟ್ರೇ, ಒಂದು ಚೂರ್ಣ ಕೊಡಿ" ಎಂದರು. ನಾವು ಚೂರ್ಣ ಕೊಡಲಿಲ್ಲ. ಆ ಕ್ಷಣವೇ ಇಸಿಜಿ ಪರೀಕ್ಷೆಗಾಗಿ ಹೊಸದುರ್ಗಕ್ಕೆ ಕಳುಹಿಸಿದೆವು. ಶಿವಕೃಪೆಯಿಂದ ಹೃದಯಾಘಾತವಾಗಿರಲಿಲ್ಲ, ರಕ್ತದೊತ್ತಡ ಮಾತ್ರ ಬಹಳ ಏರಿತ್ತು. ಅದು ಹತೋಟಿಗೆ ಬಂದು, ಹೃದ್ರೋಗ ತಜ್ಞರು ಒಪ್ಪಿದ ಮೇಲೆಯೇ ಅವರಿಗೆ ಓಟದ ಪಾಠ ಆರಂಭಿಸಿದೆವು. ಅದನ್ನೇ ಸದ್ಭಕ್ತರ ಮುಂದೆ ಇಡುತ್ತಿದ್ದೇವೆ.

ಸ್ಥೂಲಕಾಯರೂ ಧೂಮಪಾನಿಗಳೂ ಆದವರ ಹೃದಯದ ಮೇಲೆ ಎರಡು ಹೊರೆಗಳಿರುತ್ತವೆ. ಮೈಭಾರ ಹೆಚ್ಚಿದಷ್ಟೂ ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕು. ಬೀಡಿಯ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವಾದರೋ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕದ ಸ್ಥಾನವನ್ನು ಕಸಿಯುತ್ತದೆ. ಬೇಡಿಕೆ ಏರಿ ಪೂರೈಕೆ ಕುಗ್ಗಿದಾಗ ಏಕಾಏಕಿ ಓಡುವುದು ಅಪಾಯಕರ.

ಹಾಗಾದರೆ ಎಷ್ಟು ಓಡಬೇಕು? ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂಬುದು ವಾಗ್ಭಟಾಚಾರ್ಯರ ಮತ. ಅದೂ ಬಲವಂತರಿಗೆ, ಚಳಿಗಾಲ ಮತ್ತು ವಸಂತದಲ್ಲಿ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಆ ಅರ್ಧವನ್ನು ಅಳೆಯುವ ಬಗೆಯನ್ನು ಸುಶ್ರುತರು ತಿಳಿಸಿದ್ದಾರೆ: ವ್ಯಾಯಾಮ ಮಾಡುವಾಗ ಉಸಿರು ಬಾಯಿಗೆ ಬಂದರೆ ಅಲ್ಲಿಗೆ ಅರ್ಧ ಬಲ ಮುಗಿಯಿತು. ಜೊತೆಯವರೊಡನೆ ಮಾತನಾಡುತ್ತ ಸಾಗಲು ಆಗುವಷ್ಟೇ ವೇಗವಿರಲಿ ಎಂದು ಇಂದಿನ ವೈದ್ಯರು ಹೇಳುವುದೂ ಇದನ್ನೇ.

ಕ್ರಮ ಹೀಗಿರಲಿ. ಮೊದಲು ರಕ್ತದೊತ್ತಡ, ಸಕ್ಕರೆ, ಇಸಿಜಿ ಪರೀಕ್ಷೆಗಳಾಗಲಿ. ಮೊದಲ ನಾಲ್ಕು ವಾರ ಓಟವೇ ಬೇಡ. ವಾರದಲ್ಲಿ ಐದು ದಿನ, 20ರಿಂದ 30 ನಿಮಿಷ ನಡಿಗೆ. ಐದನೆಯ ವಾರದಿಂದ ದಿನ ಬಿಟ್ಟು ದಿನ, ವಾರಕ್ಕೆ ಮೂರು ಬಾರಿ, ಒಂದು ನಿಮಿಷ ಮೆಲ್ಲೋಟ, ಎರಡು ನಿಮಿಷ ನಡಿಗೆ. ಹೀಗೆ 20 ನಿಮಿಷ. ಅದು ಸುಲಭವೆನಿಸಿದ ಮೇಲೆಯೇ ಓಟದ ಅವಧಿಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿರಿ. ಮಂಡಿಗಳ ಹಿತಕ್ಕಾಗಿ ಮಣ್ಣಿನ ಸಮದಾರಿ ಲೇಸು. ಚಪ್ಪಲಿಯಲ್ಲಿ ಓಡದೆ ಮೆತ್ತನೆಯ ಬೂಟು ಧರಿಸಿರಿ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಮುಗಿಸಿರಿ.

ಓಟಕ್ಕೆ ಅರ್ಧ ಶಕ್ತಿ ಸಾಕು; ಆದರೆ ಬೀಡಿಯನ್ನು ಅರ್ಧ ಬಿಟ್ಟರೆ ಸಾಲದು. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, 20 ಸೇದುವವರಿಗಿರುವ ಹೃದ್ರೋಗದ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧದಷ್ಟು ಉಳಿದೇ ಇರುತ್ತದೆ. "ಓಡುತ್ತೇನಲ್ಲ, ಎರಡು ಸೇದಿದರೇನು" ಎಂಬ ಸಮಾಧಾನ ಆತ್ಮವಂಚನೆ. ಚರಕರೇ ಧೂಮಪಾನ ಹೇಳಿದ್ದಾರೆಂದು ವಾದಿಸುವವರೂ ಉಂಟು. ಅವರು ಹೇಳಿದ್ದು ಔಷಧಿ ದ್ರವ್ಯಗಳ ಧೂಮವನ್ನು. ತಂಬಾಕು ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಇಷ್ಟಲಿಂಗವನ್ನು ಧರಿಸಿದ ಎದೆಯೊಳಗೆ ಹೊಗೆ ತುಂಬುವುದು ಸಲ್ಲದೆಂಬುದನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಬಿಟ್ಟೆವೆಂದರೆ ಮೈ ಬರುತ್ತದೆ ಎಂಬ ಭಯ ಸುಳ್ಳಲ್ಲ. ಹಲವರಿಗೆ ಕೆಲವು ಕಿಲೋ ಏರುತ್ತದೆ. ಆದರೆ ಅದರ ಹಾನಿ ಬೀಡಿಯ ಹಾನಿಗಿಂತ ಬಹಳ ಕಡಿಮೆ. ನಡಿಗೆ ಓಟಗಳು ಆ ಏರಿಕೆಯನ್ನು ತಗ್ಗಿಸುವುದಲ್ಲದೆ ಸೇದುವ ಚಡಪಡಿಕೆಯನ್ನೂ ತಣಿಸುತ್ತವೆ. ಚಡಪಡಿಕೆ ಬಂದಾಗ ಎದ್ದು ಹತ್ತು ನಿಮಿಷ ನಡೆಯಿರಿ. ಅಷ್ಟರಲ್ಲಿ ಅದರ ಬಿರುಸು ಇಳಿದಿರುತ್ತದೆ. ನೆರವು ಬೇಕಾದವರು ತಂಬಾಕು ತ್ಯಜಿಸುವವರಿಗಾಗಿ ಇರುವ ರಾಷ್ಟ್ರೀಯ ಉಚಿತ ದೂರವಾಣಿ 1800-11-2356ಕ್ಕೆ ಕರೆಮಾಡಬಹುದು.

ಆಹಾರದಲ್ಲಿ ಹುರುಳಿಯ ಸಾರು, ಸೊಪ್ಪು, ಮಜ್ಜಿಗೆ ಇರಲಿ. ರಾಗಿಮುದ್ದೆ ಒಳ್ಳೆಯದೇ, ಆದರೆ ಎರಡರ ಜಾಗದಲ್ಲಿ ಒಂದಿರಲಿ. ರಾತ್ರಿಯ ಊಟ ಬೇಗ ಮುಗಿಯಲಿ.

ಒಂದು ಎಚ್ಚರಿಕೆ. ಓಡುವಾಗ ಎದೆಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ತಲೆಸುತ್ತು ಕಂಡರೆ ಅಲ್ಲಿಯೇ ನಿಲ್ಲಿರಿ. ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕಾಲ ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಿರಿ. ನಮ್ಮಂಥ ವೈದ್ಯರ ಕಷಾಯಕ್ಕೂ ಅಂದು ಕಾಯಬೇಡಿರಿ.

ಆ ರೈತರು ಈಗ ಹತ್ತು ನಿಮಿಷ ನಿಲ್ಲದೆ ಮೆಲ್ಲಗೆ ಓಡುತ್ತಾರೆ. ನಡುವೆ ಬಂಧುವೊಬ್ಬರು ತೀರಿಕೊಂಡಾಗ ಮತ್ತೆ ಬೀಡಿ ಹಚ್ಚಿದರು. ನಾಚಿಕೊಂಡು ಬಂದು ಹೇಳಿದರು. ಜಾರಿದ್ದು ಸೋಲಲ್ಲ, ಮಾರನೆಯ ದಿನ ಪುನಃ ಬಿಡುವುದೇ ಗೆಲುವು ಎಂದೆವು. ತೂಕ ಇಳಿದದ್ದು ನಾಲ್ಕೇ ಕಿಲೋ. ಆದರೆ ಮಗಳ ಲಗ್ನದಂದು ಮಂಟಪದ ಮೆಟ್ಟಿಲುಗಳನ್ನು ಏದುಸಿರಿಲ್ಲದೆ ಹತ್ತಿದರು. ಅಷ್ಟು ಸಾಲದೇ?