ಹಿರಿಯರ ಆಯ್ಕೆ, ಮಕ್ಕಳ ಒಪ್ಪಿಗೆ
(ಬ್ರಿಟನ್ನಿನ ದಕ್ಷಿಣ ಏಷ್ಯಾ ವಲಸಿಗರ ವಿವಾಹ ಪದ್ಧತಿ)

ಮದುವೆಯು ಎರಡು ಮನೆತನಗಳ ಸಂಬಂಧವೆಂಬುದು ಭಾರತ ಉಪಖಂಡದ ಜನರ ಹಳೆಯ ನಂಬಿಕೆ. ಹಿರಿಯರೇ ವಧೂವರರನ್ನು ಆರಿಸುವ ಪದ್ಧತಿಗೆ ಹಳ್ಳಿಯ ಬಾಳಿನಲ್ಲಿ ಒಂದು ಆಧಾರವಿದ್ದಿತು. ಗಂಡಿನ ಮನೆಯವರ ನಡೆನುಡಿ ನೆರೆಯೂರಿನ ಬಂಧುಗಳಿಗೆ ತಿಳಿದಿರುತ್ತಿತ್ತು. ಸಂಕಟ ಬಂದಾಗ ಹೆಣ್ಣುಮಗಳಿಗೆ ಸೋದರಮಾವನ ಮನೆಯೋ ಅಜ್ಜಿಯ ಮನೆಯೋ ಆಸರೆಯಾಗಬಹುದಾಗಿತ್ತು. ಈ ಪದ್ಧತಿ ಕಡಲು ದಾಟಿದಾಗ ಏನಾಯಿತೆಂಬುದನ್ನು ಬ್ರಿಟನ್ನಿನ ಅನುಭವ ತಿಳಿಸುತ್ತದೆ.

ಎರಡನೆಯ ಮಹಾಯುದ್ಧದ ತರುವಾಯ ಪಂಜಾಬ್, ಗುಜರಾತ್, ಮೀರ್‌ಪುರ, ಸಿಲ್ಹೆಟ್‌ಗಳ ಅನೇಕರು ದುಡಿಮೆಗಾಗಿ ಅಲ್ಲಿಗೆ ಹೋದರು. ಮೊದಲು ಹೋದವರಲ್ಲಿ ಗಂಡಸರೇ ಹೆಚ್ಚು. 1962ರ ಕಾಯಿದೆಯು ವಲಸೆಗೆ ಮಿತಿ ಹಾಕಿದ ಮೇಲೆ ಹಲವರು ಹೆಂಡಿರು ಮಕ್ಕಳನ್ನು ಕರೆಸಿಕೊಂಡು ನೆಲೆನಿಂತರು. 1972ರಲ್ಲಿ ಉಗಾಂಡದಿಂದ ಹೊರಹಾಕಲ್ಪಟ್ಟ ಏಷ್ಯಾದವರೂ ಬಂದು ಸೇರಿದರು. ಮಕ್ಕಳು ಬೆಳೆದು ಮದುವೆಯ ವಯಸ್ಸಿಗೆ ಬಂದಾಗ ಹಿರಿಯರ ಅಧಿಕಾರ ಉಳಿದಿತ್ತು; ಆದರೆ ಅದಕ್ಕೆ ಬೆಂಬಲವಾಗಿದ್ದ ಬಂಧುಗಳ ತಿಳಿವಳಿಕೆಯೂ ಹೆಣ್ಣಿಗಿದ್ದ ಆಸರೆಯೂ ಬಹುಮಟ್ಟಿಗೆ ಹುಟ್ಟೂರಿನಲ್ಲಿಯೇ ಉಳಿದುಹೋಗಿದ್ದವು.

1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಯೊಂದು ಈ ಕೊರತೆಯನ್ನು ಎತ್ತಿ ತೋರಿಸಿತು. ಭಾರತೀಯ ಮೂಲದ 19 ವರ್ಷದ ಯುವತಿಯೊಬ್ಬಳಿಗೆ, ಅವಳು ಕಂಡೇ ಇಲ್ಲದ ವರನನ್ನು ವರಿಸಬೇಕು, ಇಲ್ಲವಾದರೆ ಮನೆ ಬಿಟ್ಟು ಹೋಗಬೇಕು ಎಂದು ತಂದೆತಾಯಿ ಹೇಳಿದ್ದರು. ಅವಳ ಬದುಕು ಸಂಪೂರ್ಣವಾಗಿ ಅವರನ್ನೇ ಅವಲಂಬಿಸಿತ್ತು. ಹಿಂದಿನ ತೀರ್ಪುಗಳು ಪ್ರಾಣಕ್ಕೋ ದೇಹಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿದ್ದರೆ ಮಾತ್ರ ಬಲಾತ್ಕಾರವೆಂದು ಎಣಿಸಿದ್ದವು. ಈ ನ್ಯಾಯಾಲಯವಾದರೋ, ಬೆದರಿಕೆಯಿಂದ ಒಪ್ಪಿಗೆಯು ಹುಸಿಯಾಯಿತೇ ಎಂಬುದೇ ಮುಖ್ಯ ಪ್ರಶ್ನೆಯೆಂದು ನಿರ್ಣಯಿಸಿ ಆ ಮದುವೆಯನ್ನು ರದ್ದುಗೊಳಿಸಿತು. ಮುಂದೆ 2007ರ ಕಾಯಿದೆಯು ಒತ್ತಾಯದ ಮದುವೆಗೆ ಗುರಿಯಾಗುವವರಿಗೆ ನ್ಯಾಯಾಲಯದ ರಕ್ಷಣೆಯನ್ನು ಒದಗಿಸಿತು. 2014ರಲ್ಲಿ ಇಂಥ ಒತ್ತಾಯವು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಶಿಕ್ಷಾರ್ಹ ಅಪರಾಧವಾಯಿತು. ಹಿರಿಯರು ಕೂಡಿಸಿ, ಮಕ್ಕಳು ಮನಸಾರೆ ಒಪ್ಪಿದ ಮದುವೆಗೆ ಇದರಿಂದ ಯಾವ ಬಾಧಕವೂ ಇಲ್ಲ.

ವಲಸಿಗರ ಮನೆಗಳಲ್ಲಿಯೂ ಪದ್ಧತಿ ಬದಲಾಗಿದೆ. ಅನೇಕ ಕುಟುಂಬಗಳಲ್ಲಿ ಹಿರಿಯರು ಪರಿಚಯ ಮಾಡಿಸುತ್ತಾರೆ; ಹುಡುಗ ಹುಡುಗಿಯರು ಹಲವು ಬಾರಿ ಭೇಟಿಯಾಗಿ ತಾವೇ ನಿರ್ಧರಿಸುತ್ತಾರೆ. ಹಿರಿಯರ ಅಧಿಕಾರವು ಸಲಹೆಯಾಗಿ ಮಾರ್ಪಟ್ಟಿದೆ.

ಮಗಳನ್ನು ದೂರದೇಶಕ್ಕೆ ಕೊಡುವ ಕನ್ನಡ ನಾಡಿನ ತಂದೆತಾಯಿಗಳಿಗೂ ಇದರಲ್ಲಿ ಪಾಠವಿದೆ. ವರನ ವಿದ್ಯೆ, ಸಂಬಳಗಳನ್ನು ವಿಚಾರಿಸಿದರೆ ಸಾಲದು. ಹುಡುಗಿಯ ಮನಸ್ಸನ್ನು ಏಕಾಂತದಲ್ಲಿ ಕೇಳಬೇಕು. ಅವಳು ಬೇಡವೆಂದರೆ ಆ ಮಾತಿಗೂ ಮನೆಯಲ್ಲಿ ಮನ್ನಣೆಯಿರಬೇಕು. ಬೇಡವೆನ್ನಲು ಅವಕಾಶವಿಲ್ಲದ ಕಡೆ ಒಪ್ಪಿಗೆಗೆ ಬೆಲೆಯಿಲ್ಲ.