ನಾಯಿಯ ಊಟ ಬದಲಿಸುವಿರಾ? ಮೊದಲು ಹಾಲಿನ ಲೋಟ ಕೆಳಗಿಡಿ

ಮಕ್ಕಳು ರಜೆಗೆ ಬೆಂಗಳೂರಿನಿಂದ ಬರುವಾಗ ನಾಯಿಗೆಂದು ಒಂದು ಚೀಲ ಒಣ ತಿಂಡಿ ತರುತ್ತಾರೆ. ಯಾವ ಕಂಪನಿಯದಾದರೂ ನಮ್ಮಲ್ಲಿ ಅದರ ಹೆಸರು ‘ಪೆಡಿಗ್ರಿ’ಯೇ. ಮಧ್ಯಾಹ್ನ ಮಜ್ಜಿಗೆ ಅನ್ನ ಉಂಡಿದ್ದ ನಾಯಿಗೆ ರಾತ್ರಿ ತಟ್ಟೆ ತುಂಬ ಪೆಡಿಗ್ರಿ. ಬೆಳಿಗ್ಗೆ ಅಂಗಳ ತೊಳೆಯುವ ಕೆಲಸ. ಮೂರನೇ ದಿನ ‘ನಮ್ಮ ನಾಯಿಗೆ ಅದೆಲ್ಲ ಆಗಿಬರೋದಿಲ್ಲ ಮಾರಾಯ್ರೆ’ ಎಂಬ ತೀರ್ಪು ಹೊರಬಿದ್ದು ಚೀಲ ಅಟ್ಟ ಸೇರುತ್ತದೆ. ಇದರ ಉಲ್ಟಾ ಕಥೆಯೂ ಉಂಟು: ಪೇಟೆಯಲ್ಲಿ ಪೆಡಿಗ್ರಿ ತಿಂದು ಬೆಳೆದ ಲ್ಯಾಬ್ರಡಾರ್ ಮರಿಗೆ ಕೊಪ್ಪದ ತೋಟದ ಮನೆಗೆ ಬಂದ ದಿನವೇ ಮೀನುಸಾರು ಅನ್ನ.

ಕೆರೆಕಟ್ಟೆಯಂಥ ಕಾಡಂಚಿನ ಊರಿನಲ್ಲಿ ಇದು ಬರೀ ಅಂಗಳ ತೊಳೆಯುವ ತಾಪತ್ರಯವಲ್ಲ. ಹೊಟ್ಟೆ ಕೆಟ್ಟ ನಾಯಿ ನಡುರಾತ್ರಿ ಬಾಗಿಲು ಕೆರೆಯುತ್ತದೆ. ಒಳಗಿಟ್ಟುಕೊಂಡರೆ ಮನೆ ಹೊಲಸು, ಹೊರಗೆ ಬಿಟ್ಟರೆ ಚಿರತೆಯ ಬಾಯಿ. ನಾಯಿಯನ್ನು ಚಿರತೆ ಹೊತ್ತೊಯ್ದ ಕಥೆ ಇಲ್ಲಿ ಮನೆಗೊಂದಾದರೂ ಸಿಗುತ್ತದೆ.

ವಿಷಯ ಇಷ್ಟೇ. ನಾಯಿಯ ಕರುಳಿನ ಸೂಕ್ಷ್ಮಜೀವಿಗಳು ರೂಢಿಯ ಊಟಕ್ಕೆ ಒಗ್ಗಿರುತ್ತವೆ. ಹೊಸದಕ್ಕೆ ಒಗ್ಗಲು ಅವಕ್ಕೆ ವಾರದಿಂದ ಹತ್ತು ದಿನ ಬೇಕು. ಅಷ್ಟು ದಿನ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ.

1. ದಿನ ನೋಡಿ ಶುರು ಮಾಡಿ

ಜಂತುಹುಳದ ಮಾತ್ರೆ, ಲಸಿಕೆ ಹಾಕಿಸಿದ ವಾರ ಬೇಡ. ಮನೆಗೆ ಹೊಸ ಮರಿ ಬಂದಿದ್ದರೆ ಹಳೆಯ ಮನೆಯವರು ಏನು ಹಾಕುತ್ತಿದ್ದರೋ ಕೇಳಿ ತಿಳಿದು, ಮೊದಲ ವಾರ ಅದನ್ನೇ ಹಾಕಿ. ಮನೆ ಬದಲಾದದ್ದೇ ಅದಕ್ಕೆ ದೊಡ್ಡ ಬದಲಾವಣೆ.

ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ವಾರವಂತೂ ಬೇಡವೇ ಬೇಡ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಕರಗಿಸಿದ ಡ್ರಮ್ಮಿನ ಪಕ್ಕದಲ್ಲೇ ನಾಯಿ ಸುತ್ತುತ್ತಿರುತ್ತದೆ. ಚೆಲ್ಲಿದ್ದನ್ನು ನೆಕ್ಕಿದರೆ ವಾಂತಿ, ಭೇದಿ ಎರಡೂ ಆಗಬಹುದು. ಮನೆಯವರು ಬೈಯುವುದು ಮಾತ್ರ ಹೊಸ ಊಟವನ್ನು. ನೀಲಿ-ಹಸಿರು ಬಣ್ಣದ ವಾಂತಿ ಕಂಡರೆ ಊಟದ ಮೇಲೆ ಹಾಕಬೇಡಿ, ವೈದ್ಯರಿಗೆ ಮೈಲುತುತ್ತದ ವಿಷಯ ಹೇಳಿ.

ಸುಲಿಯುವ ಕಾಲದಲ್ಲಿ ಹಸಿ ಅಡಿಕೆ ರಾಶಿಯ ಮೇಲೂ ಕಣ್ಣಿರಲಿ. ಅಡಿಕೆಯಲ್ಲಿರುವ ಅರೆಕೊಲಿನ್ ಕರುಳನ್ನು ಹಿಂಡಿ ಭೇದಿ ಮಾಡಿಸುತ್ತದೆ. ಹಿಂದೆ ನ್ಯೂಜಿಲೆಂಡ್‌ನಲ್ಲಿ ನಾಯಿಗಳ ಲಾಡಿಹುಳ ಹೊರಹಾಕಲು ಅದನ್ನೇ ಬಳಸುತ್ತಿದ್ದರು. ಹಾಗೆಂದು ಅಜ್ಜನ ಕಾಲದ ಮದ್ದೆಂದು ಅಡಿಕೆ ಅರೆದು ಕುಡಿಸುವ ಕೆಲಸಕ್ಕೆ ಕೈಹಾಕಬೇಡಿ. ಈಗ ಅದಕ್ಕಿಂತ ಸುರಕ್ಷಿತ ಮಾತ್ರೆಗಳಿವೆ.

2. ಅಳತೆ ಬೇರೆ, ತಟ್ಟೆ ಅದೇ

ಅನ್ನ ಹಾಕುತ್ತಿದ್ದ ತಟ್ಟೆಯಲ್ಲಿ ಅಷ್ಟೇ ಎತ್ತರಕ್ಕೆ ಪೆಡಿಗ್ರಿ ತುಂಬಬೇಡಿ. 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ, 100 ಗ್ರಾಂ ಒಣ ತಿಂಡಿಯಲ್ಲಿ ಸುಮಾರು 350. ಹೊಟ್ಟೆಗೆ ಹೆಚ್ಚಾದದ್ದು ಕರಗದೆ ಹೊರಬರುತ್ತದೆ, ನಾವು ಅದಕ್ಕೆ ‘ಹೀಟ್’ ಎನ್ನುತ್ತೇವೆ. ಚೀಲದ ಹಿಂದೆ ನಾಯಿಯ ತೂಕಕ್ಕೆ ತಕ್ಕ ಪ್ರಮಾಣ ಬರೆದಿರುತ್ತದೆ. ಒಮ್ಮೆ ತೂಗಿ, ಒಂದು ಲೋಟಕ್ಕೆ ಗುರುತು ಮಾಡಿಟ್ಟುಕೊಳ್ಳಿ. ಅನ್ನದಲ್ಲಿ ನೀರಿರುತ್ತದೆ, ಒಣ ತಿಂಡಿಯಲ್ಲಿ ತೀರಾ ಕಡಿಮೆ. ಕುಡಿಯುವ ನೀರು ಸದಾ ಪಕ್ಕದಲ್ಲಿರಲಿ.

3. ಹತ್ತು ದಿನದ ಲೆಕ್ಕ

ಮೊದಲ 3 ದಿನ: ಮುಕ್ಕಾಲು ಹಳೆಯದು, ಕಾಲು ಹೊಸದು.
4ರಿಂದ 6: ಅರ್ಧ, ಅರ್ಧ.
7ರಿಂದ 9: ಕಾಲು ಹಳೆಯದು, ಮುಕ್ಕಾಲು ಹೊಸದು.
10ನೇ ದಿನ: ಪೂರ್ತಿ ಹೊಸದು.

ಮಲ ಮೆತ್ತಗಾದರೆ ಹಿಂದಿನ ಹಂತಕ್ಕೆ ಇಳಿದು ಎರಡು ದಿನ ಅಲ್ಲೇ ನಿಲ್ಲಿ. ಹತ್ತು ದಿನ ಹದಿನೈದಾದರೆ ಯಾರೂ ಕೇಳುವುದಿಲ್ಲ. ರಾತ್ರಿಯ ಊಟವನ್ನು ಸಂಜೆ ಆರಕ್ಕೇ ಮುಗಿಸಿ, ಮಲಗುವ ಮುನ್ನ ಹಗ್ಗ ಹಿಡಿದು, ಟಾರ್ಚ್ ಬಿಟ್ಟುಕೊಂಡು ನೀವೇ ಹೊರಗೆ ಕರೆದೊಯ್ಯಿರಿ.

4. ಹಾಲು: ನನ್ನ ಹಳೇ ಜಗಳ

ಹೊಸ ತಿಂಡಿಯನ್ನು ನಾಯಿ ಮೂಸಿ ಬಿಟ್ಟುಹೋಗುತ್ತದೆ. ‘ಪಾಪ, ಖಾಲಿ ಹೊಟ್ಟೇಲಿ ಮಲಗಿದೆ’ ಎಂದು ಅಜ್ಜಿ ಅದರ ಮೇಲೆ ಒಂದು ಲೋಟ ಹಾಲು ಹೊಯ್ಯುತ್ತಾರೆ. ನಾಯಿ ನೆಕ್ಕಿ ಖಾಲಿ ಮಾಡುತ್ತದೆ, ಮನೆಯವರಿಗೆಲ್ಲ ಸಮಾಧಾನ. ಮರುದಿನ ಭೇದಿ. ಕೆಟ್ಟ ಹೆಸರು ಪೆಡಿಗ್ರಿಗೆ!

ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಮರಿಗಳಲ್ಲಿ ಧಾರಾಳ. ತಾಯಿಯ ಮೊಲೆ ಬಿಟ್ಟ ಮೇಲೆ ಅದು ಕಡಿಮೆಯಾಗುತ್ತ ಹೋಗುತ್ತದೆ. ಒಡೆಯದ ಸಕ್ಕರೆ ಕರುಳಿಗೆ ನೀರೆಳೆದು ಹುಳಿಯುತ್ತದೆ. ಹೊಟ್ಟೆ ಗುಡುಗುಡು ಎನ್ನುವುದು ಅದಕ್ಕೇ. ಆಕಳ ಹಾಲಿನಲ್ಲಿ ಈ ಸಕ್ಕರೆ ನಾಯಿಯ ಹಾಲಿಗಿಂತಲೂ ಹೆಚ್ಚು. ‘ನಮ್ಮ ನಾಯಿ ಹುಟ್ಟಿದಾಗಿನಿಂದ ಹಾಲನ್ನವೇ ಉಣ್ಣುತ್ತಿದೆ’ ಎನ್ನುವವರಿದ್ದಾರೆ. ಸರಿ, ಅದರ ಹೊಟ್ಟೆಗೆ ಅದು ಒಗ್ಗಿದೆ. ದಿನದ ಹಾಲನ್ನು ಕೂಡಲೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಅದು ಹಳೆಯ ಪಾಲಿನ ಲೆಕ್ಕದಲ್ಲಿರಲಿ, ಅನ್ನದ ಜೊತೆಗೇ ಇಳಿಯುತ್ತ ಬರಲಿ. ಹೊಸ ತಿಂಡಿಯ ಮೇಲೆ ಹೆಚ್ಚುವರಿ ಹಾಲು ಹೊಯ್ದರೆ ಹೊಟ್ಟೆ ಕೆಡಿಸಿದ್ದು ಯಾವುದೆಂದು ದೇವರಿಗೂ ತಿಳಿಯದು.

ನಮ್ಮ ಮನೆಯಲ್ಲೇ ಹೀಗಾಯಿತು. ನಾನು ಹತ್ತು ದಿನದ ಲೆಕ್ಕ ಬರೆದು ಗೋಡೆಗೆ ಅಂಟಿಸಿದ್ದೆ. ನಾಲ್ಕನೇ ದಿನದಿಂದ ಭೇದಿ. ಮೂರು ತಿಂಡಿ ಬದಲಿಸಿದೆ, ಎರಡು ವಾರ ಒದ್ದಾಡಿದೆ. ಕೊನೆಗೊಂದು ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ, ಹಾಲು ಕರೆದ ಅತ್ತೆ ಚೊಂಬಿನ ತಳದ ನೊರೆಹಾಲನ್ನು ನಾಯಿಯ ತಟ್ಟೆಗೆ ಬಗ್ಗಿಸುತ್ತಿದ್ದರು. ಗೋಡೆಯ ಚೀಟಿ ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಹಾಗಾಗಿ ಕೈಮುಗಿದು ಕೇಳುತ್ತೇನೆ: ಶುರು ಮಾಡುವ ಮುಂಚೆ ಮನೆಯವರನ್ನೆಲ್ಲ, ತೋಟದ ಕೆಲಸದವರನ್ನೂ ಕರೆದು ಹೇಳಿ. ದೋಸೆ ಚೂರು, ಬಿಸ್ಕತ್ತು, ಕೋಳಿ ಮೂಳೆ, ಯಾವುದೂ ಬೇಡ. ಒಣ ತಿಂಡಿ ಮೆತ್ತಗಾಗಬೇಕಾದರೆ ಉಗುರುಬೆಚ್ಚನೆಯ ನೀರು ಸಾಕು.

5. ಆದರೂ ನೀರಾಗಿ ಹೋದರೆ

ದೊಡ್ಡ ನಾಯಿಗೆ ಒಂದು ಹೊತ್ತಿನ ಊಟ ತಪ್ಪಿಸಿ, ನೀರು ತಪ್ಪಿಸಬೇಡಿ. ಮರಿಗಳನ್ನು ಉಪವಾಸ ಕೆಡವಬೇಡಿ. ಬಳಿಕ ಎರಡು ಪಾಲು ಮೆತ್ತಗೆ ಬೇಯಿಸಿದ ಬಿಳಿ ಅನ್ನ, ಒಂದು ಪಾಲು ಮೂಳೆ-ಚರ್ಮ ತೆಗೆದು ಬೇಯಿಸಿದ ಕೋಳಿ. ಉಪ್ಪು, ಖಾರ, ಎಣ್ಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಮಾಂಸ ಮಾಡದ ಮನೆಯವರು ಬೇಯಿಸಿದ ಸಿಹಿಗುಂಬಳ ಒಂದೆರಡು ಚಮಚ ಅನ್ನಕ್ಕೆ ಕಿವುಚಿ ಹಾಕಬಹುದು. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಎರಡು ದಿನ ಮಲ ಗಟ್ಟಿಯಾದ ಮೇಲೆ ಕಾಲು ಪಾಲಿನಿಂದ ಮತ್ತೆ ಶುರು.

ಮನುಷ್ಯರ ಭೇದಿ ಮಾತ್ರೆ, ನೋವಿನ ಮಾತ್ರೆ ಕೊಡಬೇಡಿ.

6. ಕಾಯಬಾರದ ಲಕ್ಷಣಗಳು

ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ, ಮೇಲಿಂದ ಮೇಲೆ ವಾಂತಿ, ಬಿಳಿಚಿದ ಒಸಡು, ಬೆನ್ನ ಚರ್ಮ ಎತ್ತಿ ಬಿಟ್ಟರೆ ಕೂಡಲೇ ಇಳಿಯದಿರುವುದು, ಎರಡು ದಿನ ದಾಟಿದ ಭೇದಿ: ಇವನ್ನು ಬರೀ ಊಟದ ತಕರಾರೆಂದು ಬಿಡಬೇಡಿ. ಲಸಿಕೆಯಾಗದ ಮರಿಯಾದರೆ ಪಾರ್ವೊ ಇರಬಹುದು, ಅರ್ಧ ದಿನವೂ ತಡಮಾಡಬೇಡಿ. ಮಳೆಗಾಲದಲ್ಲಿ ಮರ ಬಿದ್ದು ಶೃಂಗೇರಿಯ ದಾರಿ ಮುಚ್ಚಬಹುದು, ಫೋನೂ ಸತ್ತಿರಬಹುದು. ಆದ್ದರಿಂದ ಸಂಜೆ ಅನುಮಾನ ಬಂದರೆ ಸಂಜೆಯೇ ಹೊರಡಿ. ಪಶು ಸಹಾಯವಾಣಿ 1962. ಸ್ಥಳೀಯ ವೈದ್ಯರು ಮುಂದಕ್ಕೆ ಕಳಿಸಿದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ.

ಕೊನೆಗೆ ಚೀಲದ ಮಾತು. ನಮ್ಮ ಮಳೆಗೆ ಬಿಚ್ಚಿದ ಚೀಲ ಬೇಗ ಬೂಷ್ಟು ಹಿಡಿಯುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಜಿಡ್ಡು ಕೆಡುತ್ತದೆ. ಗಾಳಿಯಾಡದ ಡಬ್ಬಿಗೆ ಸುರಿದಿಡಿ. ಮುಗ್ಗಲು ವಾಸನೆ ಬಂದರೆ ಗೊಬ್ಬರದ ಗುಂಡಿಗೂ ಬೇಡ, ನಾಯಿ ಅಲ್ಲಿಂದಲೂ ಕೆದಕಿ ತಿನ್ನುತ್ತದೆ, ಆಳವಾಗಿ ಹೂತುಬಿಡಿ.